ಮರೆ ಮತ್ತು ಹೊರದಾರಿ: ಮೇನೆಯ ಬಾಗಿಲಿನಿಂದ ವಿಮಾನಾಸನದ ಬಾಗಿಲಿನವರೆಗೆ

೨೦೨೪ನೆಯ ಇಸವಿ ಜನವರಿ ೨೨ರಂದು ಏರ್ ಇಂಡಿಯಾ ಸಂಸ್ಥೆಯ ಏರ್‌ಬಸ್ ಎ-೩೫೦ ಜಾತಿಯ ವಿಮಾನವು ಮೊದಲ ಬಾರಿಗೆ ಪ್ರಯಾಣಿಕರನ್ನು ಹೊತ್ತು ಭಾರತದೊಳಗೆ ಸಂಚರಿಸಿತು. ಅದರ ಮುಂಭಾಗದ ಮೇಲ್ದರ್ಜೆಯಲ್ಲಿ ೨೮ ಆಸನಗಳಿವೆ. ಪ್ರತಿಯೊಂದು ಆಸನಕ್ಕೂ ಸುತ್ತ ಒಂದು ಗಿಡ್ಡ ಗೋಡೆಯುಂಟು. ನಡುದಾರಿಯ ಕಡೆಗೆ ಸರಿದು ಮುಚ್ಚಿಕೊಳ್ಳುವ ಬಾಗಿಲುಂಟು. ಬಾಗಿಲನ್ನೆಳೆದುಕೊಂಡರೆ ಪಕ್ಕದವನ ಕಣ್ಣು ತನ್ನ ಮೇಲೆ ಬೀಳದಂತೆ ಪ್ರಯಾಣಿಕನು ಮಲಗಬಹುದು. ಇಂತಹ ವಸ್ತುವೊಂದು ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ವಿಚಾರಕ್ಕೆ ಸಲ್ಲತಕ್ಕದ್ದೆ ಎಂದು ವಾಚಕರು ಕೇಳಬಹುದು. ಸಲ್ಲತಕ್ಕದ್ದೆಂದೇ ನಮ್ಮ ಅಭಿಪ್ರಾಯ. ಪ್ರಯಾಣಮಾಡುವವನು ಇತರರ ದೃಷ್ಟಿಯಿಂದ ಮರೆಯಾಗಬಯಸುವುದು ಹಳೆಯ ಬಯಕೆ. ಆ ಮರೆಯೇ ಆಪತ್ಕಾಲದಲ್ಲಿ ಅವನ ಹೊರದಾರಿಯನ್ನು ಮುಚ್ಚೀತೆಂಬ ಭಯವು ಅಷ್ಟು ಹಳೆಯದಲ್ಲ. ಈ ಎರಡೂ ಒಂದನ್ನೊಂದು ಎದುರುಗೊಂಡ ಬಗೆಯನ್ನು ನಾವು ಇಲ್ಲಿ, ಸಾಧ್ಯವಾದಮಟ್ಟಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಸಾಕ್ಷ್ಯಗಳಿಂದಲೇ ತೊಡಗಿ, ಪರಿಶೀಲಿಸಹೊರಟಿದ್ದೇವೆ.

ಗಂಗಾವತಿ ತಾಲ್ಲೂಕಿಗೆ ಸೇರಿದ ಆನೆಗೊಂದಿಯು ತುಂಗಭದ್ರೆಯ ಉತ್ತರದ ದಡದಲ್ಲಿದೆ. ಹೊಳೆಯ ಆಚೆಗೆ ವಿಜಯನಗರ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅರಮನೆಯ ಸ್ತ್ರೀಯರ ಸಂಚಾರವನ್ನು ವರ್ಣಿಸಿದ್ದಾನೆ. ಅವರು ಹೊರಗೆ ಹೊರಟಾಗ ನಾಲ್ಕು ಕಡೆಯೂ ಮುಚ್ಚಿದ ಪಲ್ಲಕ್ಕಿಗಳಲ್ಲಿ ಹೋಗುತ್ತಿದ್ದರೆಂದೂ, ಮುನ್ನೂರು ನಾನೂರು ಮಂದಿ ನಪುಂಸಕ ಪರಿಚಾರಕರು ಜೊತೆಗಿರುತ್ತಿದ್ದರೆಂದೂ, ಉಳಿದ ಜನರು ದೂರ ಸರಿದು ನಿಲ್ಲಬೇಕಾಗಿತ್ತೆಂದೂ ಅವನ ಬರೆಹದಿಂದ ತಿಳಿಯುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮರೆಯನ್ನು ಉಂಟುಮಾಡುತ್ತಿದ್ದುದು ಪಲ್ಲಕ್ಕಿಯ ತೆರೆ ಮಾತ್ರವಲ್ಲ. ಸುತ್ತಲಿನ ನೂರಾರು ಜನರೂ ಮರೆಯೇ ಆಗಿದ್ದರು. ಒಳಗಿದ್ದವಳಿಗೆ ಏನಾದರೂ ಅಪಾಯವುಂಟಾದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಹೊತ್ತವರೂ ಕಾವಲಿನವರೂ ಇದ್ದರು. ಎಂದರೆ, ಆ ಕಾಲದ ಮರೆಗೆ ಕಾವಲು ಅಂಟಿಕೊಂಡೇ ಇತ್ತು. ಆಧುನಿಕನ ಮರೆಯಲ್ಲಿ ಅವನು ಒಂಟಿ.

ಅದೇ ಪಾಯೆಸನು ಆನೆಗೊಂದಿಯ ಕಡೆಗೆ ಹೊಳೆ ದಾಟಿಸುತ್ತಿದ್ದ ಹರಿಗೋಲುಗಳನ್ನೂ ಕಂಡು ಬೆರಗಾಗಿದ್ದಾನೆ. ಬಿದಿರು ಬೆತ್ತದ ಬುಟ್ಟಿ, ಹೊರಗೆ ತೊಗಲ ಹೊದಿಕೆ, ಒಳಗೆ ಹದಿನೈದು ಇಪ್ಪತ್ತು ಜನ. ಅಲ್ಲಿ ಮರೆಯೆಂಬುದೇ ಇಲ್ಲ. ಎಲ್ಲರೂ ಎಲ್ಲರಿಗೂ ಕಾಣುತ್ತಾರೆ. ಮುಳುಗುವ ಪ್ರಸಂಗ ಬಂದರೆ ಯಾವ ಬಾಗಿಲೂ ಅಡ್ಡ ಬಾರದು. ಹರಿಗೋಲನ್ನು ಹೊಗಳುವುದು ನಮ್ಮ ಉದ್ದೇಶವಲ್ಲ, ಆದರೆ ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು.

ಪಲ್ಲಕ್ಕಿಯ ಮರ್ಯಾದೆ ಎಲ್ಲ ಕಾಲದಲ್ಲಿಯೂ ಮರೆಯ ಮರ್ಯಾದೆಯಾಗಿರಲಿಲ್ಲವೆಂಬುದೂ ನಿಜ. ಮಠಾಧಿಪತಿಗಳಿಗೆ ಸಲ್ಲುವ ಅಡ್ಡಪಲ್ಲಕ್ಕಿಯನ್ನು ಬೀದಿಗೆ ಅಡ್ಡಲಾಗಿ ಹೊರುತ್ತಾರೆ. ಅದರಲ್ಲಿ ಕುಳಿತವರು ಇಕ್ಕೆಲದ ಜನರಿಗೆಲ್ಲ ಕಾಣಬೇಕೆಂಬುದೇ ಅದರ ಹುರುಳು. ಜಾತ್ರೆಯ ಪಲ್ಲಕ್ಕಿಯೂ ಹಾಗೆಯೆ. ಕಾಣಿಸಿಕೊಳ್ಳುವುದರಿಂದ ಬರುವ ಗೌರವ ಒಂದು, ಕಾಣದಿರುವುದರಿಂದ ಬರುವ ಗೌರವ ಇನ್ನೊಂದು. ಎರಡನೆಯದು ನಮ್ಮ ಸೀಮೆಯಲ್ಲಿ ಬಲವಾಗಿ ಬೇರೂರಿದುದು ನಿಜಾಮನ ಆಳ್ವಿಕೆಯ ಕಾಲದಲ್ಲಿ ಎಂದು ಹೇಳಬಹುದಾಗಿದೆ. ಕೊಪ್ಪಳ, ಯಲಬುರ್ಗಾ ಪ್ರದೇಶಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದುವು. ಉಳ್ಳವರ ಮನೆಗಳಲ್ಲಿ ಗೋಷಾ ಪದ್ಧತಿಯು ಮತಭೇದವಿಲ್ಲದೆ ಅಷ್ಟಿಷ್ಟು ಹಬ್ಬಿತು. ಮೇನೆ, ಪರದೆ ಎಂಬ ಮಾತುಗಳೂ ಇಂದಿಗೂ ನಮ್ಮ ಊರುಗಳ ನುಡಿಯಲ್ಲಿ ಉಳಿದಿವೆ.

ಪರದೆಯಿಂದ ಬಾಗಿಲಿಗೆ ಮೇನೆಯು ಸಾಗಿದುದು ಯಾವಾಗ? ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಕಂಪನಿಯ ಅಧಿಕಾರಿಗಳು ಬಳಸುತ್ತಿದ್ದ ಪಾಲಕಿಯು ಒಬ್ಬನು ಕಾಲುಚಾಚಿ ಮಲಗುವಷ್ಟು ಉದ್ದದ ಮರದ ಪೆಟ್ಟಿಗೆ. ಅದರ ಎರಡು ಮಗ್ಗುಲಲ್ಲಿಯೂ ಸರಿಯುವ ಬಾಗಿಲುಗಳಿರುತ್ತಿದ್ದುವು. ಕೀಲುಬಾಗಿಲನ್ನು ಬಿಟ್ಟು ಸರಿಯುವ ಬಾಗಿಲನ್ನೇ ಏಕೆ ಆರಿಸಿದರೆಂಬುದನ್ನು ಊಹಿಸುವುದು ಕಷ್ಟವಲ್ಲ. ಹೊರಕ್ಕೆ ತೆರೆಯುವ ಬಾಗಿಲು ಇಕ್ಕಟ್ಟಾದ ದಾರಿಯಲ್ಲಿ ಪಕ್ಕದವರಿಗೆ ತಾಗುತ್ತದೆ. ಒಳಕ್ಕೆ ತೆರೆಯಲು ಸ್ಥಳವಿಲ್ಲ. ಸರಿಯುವ ಬಾಗಿಲಾದರೋ ತನ್ನ ಗೋಡೆಯೊಳಗೇ ಅಡಗಿಕೊಳ್ಳುತ್ತದೆ. ಅದರ ದೋಷವೂ ಅಲ್ಲಿಯೇ ಇದೆ. ಕೀಲುಬಾಗಿಲಿಗೆ ಒಂದೆರಡು ಕೀಲುಗಳು ನೆಟ್ಟಗಿದ್ದರೆ ಸಾಕು. ಸರಿಯುವ ಬಾಗಿಲಿಗೆ ಇಡೀ ಚೌಕಟ್ಟೇ ನೆಟ್ಟಗಿರಬೇಕು. ಪೆಟ್ಟಿಗೆ ಸ್ವಲ್ಪ ಸೊಟ್ಟಗಾದರೆ, ಗಾಡಿಯಲ್ಲಿ ಮಣ್ಣು ತುಂಬಿಕೊಂಡರೆ, ಬಾಗಿಲು ಕಚ್ಚಿಕೊಂಡುಬಿಡುತ್ತದೆ. ತೆರೆಗೆ ಈ ಬಾಧೆಯಿಲ್ಲ. ಬಟ್ಟೆಯ ತೆರೆಯು ಯಾವ ಅಪಘಾತದಲ್ಲಿಯೂ ಕಚ್ಚಿಕೊಂಡುದಿಲ್ಲ. ವಾಚಕರು ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ತಾನಾಗಿ ಸ್ಪಷ್ಟವಾಗುವುದು.

ಮೇನೆ ಹೊರುವವರ ಹೆಗಲಿನ ಮಾತನ್ನೂ ಇಲ್ಲಿ ಆಡಬೇಕು. ಮರದ ಬಾಗಿಲಿನ ಒಂದೊಂದು ಸೇರು ತೂಕವೂ ಬೋಯಿಗಳ ಹೆಗಲಿಗೇ ಬೀಳುತ್ತಿತ್ತು. ಒಳಗಿನವರ ಮರೆಗೆ ಹೊರಗಿನವರು ಬೆಲೆ ತೆರುತ್ತಿದ್ದರು. ಆದಕಾರಣ ಹಗುರವಾದ ಮರವನ್ನು ಗಟ್ಟಿಯಾಗಿಸುವ ವಿದ್ಯೆಗೆ ಬೆಲೆಯಿತ್ತು. ಕೊಪ್ಪಳಕ್ಕೆ ಸಮೀಪದ ಕಿನ್ನಾಳದ ಚಿತ್ರಗಾರರು ಈ ವಿದ್ಯೆಯಲ್ಲಿ ಇಂದಿಗೂ ಪ್ರಸಿದ್ಧರು. ಅವರು ಹಗುರವಾದ ಮರದಲ್ಲಿ ವಿಗ್ರಹವನ್ನು ಕಡೆದು, ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಇವನ್ನು ಕಲಸಿದ ಕಿಟ್ಟವನ್ನು ಅದರ ಮೇಲೆ ಮೆತ್ತಿ, ಅದೇ ಅಂಟಿನಿಂದ ಹತ್ತಿಬಟ್ಟೆಯ ತುಂಡುಗಳನ್ನು ಅಂಟಿಸಿ, ಆಮೇಲೆ ಬಣ್ಣವೇರಿಸುತ್ತಾರೆ. ಒಳಗೆ ಹಗುರವಾದ ತಿರುಳು, ಹೊರಗೆ ಅಂಟಿನಲ್ಲಿ ನೆನೆದ ಬಟ್ಟೆ. ಇಂದಿನ ವಿಮಾನದೊಳಗಿನ ಹಲಗೆಗಳನ್ನು ಮಾಡುವ ಕ್ರಮವೂ ತತ್ತ್ವದಲ್ಲಿ ಇದೇ ಆಗಿದೆ: ಜೇನುಹುಟ್ಟಿನಂತಹ ಟೊಳ್ಳು ತಿರುಳು, ಅದರ ಎರಡು ಮೈಗೂ ಫಿನಾಲಿಕ್ ರಾಳದಲ್ಲಿ ನೆನೆಸಿದ ಗಾಜುನೂಲಿನ ಬಟ್ಟೆ. ಇಷ್ಟರಿಂದ ನಮ್ಮ ಹಿರಿಯರು ವಿಮಾನವನ್ನೇ ಬಲ್ಲವರಾಗಿದ್ದರೆಂದು ಯಾರೂ ಸಾಧಿಸಹೊರಡಬಾರದು. ಅಂತಹ ವಾದಗಳನ್ನು ಕೇಳಿ ನಮಗೆ ಸಾಕಾಗಿದೆ. ಒಂದೇ ಬಗೆಯ ತೊಡಕು ಎದುರಾದಾಗ ಕುಶಲಕರ್ಮಿಗಳು ಒಂದೇ ಬಗೆಯ ಉಪಾಯಕ್ಕೆ ಬರುತ್ತಾರೆಂಬಷ್ಟೇ ಇದರ ಅರ್ಥ. ಒಂದು ಅಂತರವಂತೂ ದೊಡ್ಡದು. ಹುಣಸೆಬೀಜದ ಅಂಟು ಉರಿಯುತ್ತದೆ. ವಿಮಾನದ ಹಲಗೆಗೆ ಬೆಂಕಿಯಲ್ಲಿ ಎಷ್ಟು ಶಾಖವನ್ನು ಹೊರಸೂಸಬಹುದೆಂಬುದಕ್ಕೂ ಕಟ್ಟಳೆಯುಂಟು.

ಮರೆಯ ಪೆಟ್ಟಿಗೆಗೆ ವೇಗವೂ ಬೆಂಕಿಯೂ ಕೂಡಿಕೊಂಡುದು ರೈಲಿನಲ್ಲಿ. ೧೮೪೨ನೆಯ ಇಸವಿ ಮೇ ೮ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲು ಮ್ಯೂದಾನ್ ಎಂಬಲ್ಲಿ ಹಳಿತಪ್ಪಿ ಹೊತ್ತಿಕೊಂಡಿತು. ಪ್ರಯಾಣಿಕರು ನಡುದಾರಿಯಲ್ಲಿ ಇಳಿಯಬಾರದೆಂದು ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು. ಐವತ್ತಕ್ಕೂ ಹೆಚ್ಚು ಜನ ಒಳಗೇ ಬೆಂದುಹೋದರು; ದಕ್ಷಿಣಧ್ರುವದ ಕಡಲನ್ನು ಸುತ್ತಿಬಂದಿದ್ದ ನಾವಿಕ ದ್ಯುಮಾನ್ ದ್ಯುರ್ವಿಲನೂ ಅವನ ಹೆಂಡತಿ ಮಗನೂ ಅವರಲ್ಲಿ ಸೇರಿದ್ದರು. ಸಂಚಾರದ ಬಾಗಿಲನ್ನು ಕುರಿತ ಸಾರ್ವಜನಿಕ ವಿಚಾರವು ಆ ದಿನದಿಂದ ಮೊದಲಾಯಿತೆನ್ನಬಹುದು. ಇಂಗ್ಲೆಂಡಿನಲ್ಲಿ ಸಿಡ್ನಿ ಸ್ಮಿತ್ ಎಂಬ ಪಾದ್ರಿಯು ಬೀಗ ಹಾಕುವ ಪದ್ಧತಿಯನ್ನು ಖಂಡಿಸಿ ಪತ್ರಿಕೆಗೆ ಬರೆದನು. ಬೀಗ ತೆಗೆದ ಮೇಲೆ ಇನ್ನೊಂದು ತೊಡಕು ಕಾಣಿಸಿಕೊಂಡಿತು. ೧೮೬೪ರಲ್ಲಿ ಲಂಡನ್ನಿನ ರೈಲುಡಬ್ಬಿಯ ಮುಚ್ಚಿದ ಕೋಣೆಯಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕಿನ ಅಧಿಕಾರಿಯ ಕೊಲೆಯಾಯಿತು. ಕೂಗು ಯಾರಿಗೂ ಕೇಳಿಸಿರಲಿಲ್ಲ. ಪ್ರಯಾಣಿಕನು ಸಿಬ್ಬಂದಿಗೆ ಸೂಚನೆ ಕೊಡುವ ಸಾಧನವಿರಬೇಕೆಂಬ ಶಾಸನವು ೧೮೬೮ರಲ್ಲಿ ಬಂದಿತು. ನಮ್ಮ ರೈಲುಗಳಲ್ಲಿ ಜಗ್ಗುವ ಅಪಾಯದ ಸರಪಳಿಯ ವಂಶಾವಳಿ ಇದು.

ಕೊಪ್ಪಳದ ಮಾರ್ಗವಾಗಿ ಹುಬ್ಬಳ್ಳಿ ಗುಂತಕಲ್ಲುಗಳನ್ನು ಕೂಡಿಸಿದ ದಾರಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಹಾಕಿತು. ಮೇನೆಯಲ್ಲಿ ಹೋಗುತ್ತಿದ್ದ ಮನೆತನಗಳ ಹೆಂಗಸರು ರೈಲನ್ನು ಹತ್ತುವಾಗ ಮರೆಯ ಪ್ರಶ್ನೆ ಮತ್ತೆ ಎದ್ದಿತು. ೧೮೯೦ರ ಭಾರತೀಯ ರೈಲ್ವೆ ಶಾಸನದ ೬೪ನೆಯ ವಿಧಿಯು ಪ್ರತಿಯೊಂದು ಪ್ರಯಾಣಿಕ ರೈಲಿನಲ್ಲಿಯೂ ಅತಿ ಕೆಳಗಿನ ದರ್ಜೆಯ ಒಂದು ಕೋಣೆಯನ್ನಾದರೂ ಸ್ತ್ರೀಯರಿಗಾಗಿ ಮೀಸಲಿಡಬೇಕೆಂದು ವಿಧಿಸಿತು. ರೈಲು ಐವತ್ತು ಮೈಲಿಗೂ ಮೀರಿ ಹೋಗುವುದಾದರೆ ಆ ಕೋಣೆಯಲ್ಲಿ ಶೌಚಗೃಹವೂ ಇರಬೇಕಾಗಿತ್ತು. ಮರೆಯು ಶ್ರೀಮಂತರ ಸೊತ್ತಾಗಿದ್ದುದು ಮೂರನೆಯ ದರ್ಜೆಯವರ ಹಕ್ಕಾದುದು ಇಲ್ಲಿ. ನಮ್ಮ ದೃಷ್ಟಿಯಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಆದರೂ ಪ್ರಯಾಣದ ಚರಿತ್ರೆ ಬರೆದವರು ಇದನ್ನು ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಮೇಲಿನ ದರ್ಜೆಯ ಕೋಣೆಗಳಿಗೆ ಮಾತ್ರ ಒಳಚಿಲಕದ ಜಾರುಬಾಗಿಲು ದೊರೆಯಿತು; ಇಂದಿನ ಹವಾನಿಯಂತ್ರಿತ ಮೊದಲ ದರ್ಜೆಯಲ್ಲಿ ಅದನ್ನು ಕಾಣಬಹುದು. ಅದರ ಕೆಳಗಿನ ದರ್ಜೆಗಳಿಗೆ ಬಟ್ಟೆಯ ಪರದೆ.

ಆ ಪರದೆಯ ಕಥೆ ದುಃಖದ್ದು. ೨೦೧೩ನೆಯ ಇಸವಿಯ ಕೊನೆಯ ಮೂರು ತಿಂಗಳಲ್ಲಿ, ಬೆಂಗಳೂರಿನಿಂದ ಹೊರಟ ಮೂರು ವಾಹನಗಳು ಉರಿದುಹೋದುವು. ಅಕ್ಟೋಬರ್ ೩೦ರಂದು ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ತಾಗಿ ಹೊತ್ತಿಕೊಂಡು ೪೫ ಜನ ಸತ್ತರು. ನವೆಂಬರ್ ೧೪ರಂದು ಮುಂಬಯಿಗೆ ಹೋಗುತ್ತಿದ್ದ ಬಸ್ಸು ಹಾವೇರಿ ಜಿಲ್ಲೆಯ ಕುಣಿಮೆಳ್ಳಿಹಳ್ಳಿಯ ಬಳಿ ಉರಿದು ಏಳು ಜನ ಸತ್ತರು. ಡಿಸೆಂಬರ್ ೨೮ರ ಬೆಳಗಿನ ಜಾವ ನಾಂದೇಡಕ್ಕೆ ಹೋಗುವ ರೈಲಿನ ಹವಾನಿಯಂತ್ರಿತ ಮೂರು ಅಂತಸ್ತಿನ ಡಬ್ಬಿಗೆ ಅನಂತಪುರ ಜಿಲ್ಲೆಯ ಕೊತ್ತಚೆರುವು ಬಳಿ ಬೆಂಕಿ ಬಿದ್ದು ೨೬ ಜನ ಸತ್ತರು. ರಾಯಚೂರಿನ ಕಡೆಯವರು ನಿತ್ಯ ಹತ್ತುವ ರೈಲು ಅದು. ಇದರ ತರುವಾಯ ರೈಲ್ವೆಯವರು ಮೂರು ಅಂತಸ್ತಿನ ಡಬ್ಬಿಗಳ ನಡುದಾರಿಯ ಪರದೆಗಳನ್ನು ೨೦೧೪ರಲ್ಲಿ ತೆಗೆಸಿಹಾಕಿದರು. ಕಚ್ಚಿಕೊಳ್ಳದಿದ್ದರೂ ಬಟ್ಟೆಯು ಉರಿಯುತ್ತದೆ, ಹೊಗೆಯಲ್ಲಿ ದಾರಿಯನ್ನು ಮರೆಮಾಡುತ್ತದೆ ಎಂಬುದೇ ಕಾರಣ. ಮರೆಯನ್ನೂ ಹೊರದಾರಿಯನ್ನೂ ತೂಗಿನೋಡಿ, ಸರ್ಕಾರಿ ಇಲಾಖೆಯೊಂದು ಮರೆಯನ್ನೇ ಕೈಬಿಟ್ಟ ನಿದರ್ಶನ ಇದು. ಎರಡು ಅಂತಸ್ತಿನ ಡಬ್ಬಿಯವರಿಗೆ ಪರದೆ ಉಳಿಯಿತು. ಈ ಭೇದಕ್ಕೆ ಸಮರ್ಥನೆ ಏನೆಂದು ನಮಗೆ ಬಗೆಹರಿದಿಲ್ಲ.

ಇನ್ನು ವಿಮಾನ. ಮರೆಯು ಆಕಾಶಕ್ಕೇರಿದುದು ಇತ್ತೀಚೆಗೆ ಎಂದು ತಿಳಿಯುವುದು ಸರಿಯಲ್ಲ. ೧೯೩೫ರ ಡಿಸೆಂಬರ್ ೧೭ರಂದು ಮೊದಲು ಹಾರಿದ ಡಗ್ಲಸ್ ಕಂಪನಿಯ ಶಯನವಿಮಾನದಲ್ಲಿ, ರೈಲಿನಂತೆಯೇ, ಪರದೆ ಇಳಿಬಿಟ್ಟ ಮಲಗುವ ಹಲಗೆಗಳಿದ್ದುವು. ಅದರ ಕುಳಿತುಕೊಳ್ಳುವ ರೂಪವೇ ಮುಂದೆ ಡಿಸಿ-೩ ಎಂದು ಲೋಕಪ್ರಸಿದ್ಧವಾಯಿತು. ಕೊಪ್ಪಳ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ, ೧೯೪೫ರಲ್ಲಿ ಸ್ಥಾಪಿತವಾದ ಡೆಕ್ಕನ್ ಏರ್‌ವೇಸ್ ಸಂಸ್ಥೆಯು ಹಾರಿಸುತ್ತಿದ್ದುದೂ ಇವುಗಳನ್ನೇ. ೧೯೫೩ರಲ್ಲಿ ಅದು ರಾಷ್ಟ್ರೀಕರಣಗೊಂಡಿತು. ಜೆಟ್ ವಿಮಾನಗಳ ಯುಗದಲ್ಲಿ ಮಲಗುವ ಹಲಗೆಗಳು ಹೋಗಿ ಸಾಲಾಸನಗಳು ಬಂದುವು. ಎಮಿರೇಟ್ಸ್ ಸಂಸ್ಥೆಯು ೨೦೦೩ರಲ್ಲಿ ಮೊದಲ ದರ್ಜೆಯ ಆಸನಗಳಿಗೆ ಜಾರುಬಾಗಿಲನ್ನು ಅಳವಡಿಸಿತು. ಸಿಂಗಪುರದ ಸಂಸ್ಥೆಯ ದೈತ್ಯ ಎ-೩೮೦ ವಿಮಾನದಲ್ಲಿ ೨೦೦೭ರಲ್ಲಿ ಅದು ಕೋಣೆಯೇ ಆಯಿತು. ಅದೇ ವರ್ಷ ಭಾರತದ ಜೆಟ್ ಏರ್‌ವೇಸ್ ಸಂಸ್ಥೆಯು ತನ್ನ ಬೋಯಿಂಗ್ ೭೭೭ ವಿಮಾನಗಳಲ್ಲಿ ಇಂತಹ ಎಂಟು ಕೋಣೆಗಳನ್ನಿಟ್ಟಿತು. ಆ ಸಂಸ್ಥೆಯೇ ೨೦೧೯ರಲ್ಲಿ ಹಾರಾಟ ನಿಲ್ಲಿಸಿತು. ೨೦೧೭ರಲ್ಲಿ ಕತಾರ್ ಸಂಸ್ಥೆಯು ಎರಡನೆಯ ದರ್ಜೆಗೂ ಬಾಗಿಲನ್ನು ತಂದಮೇಲೆ ಉಳಿದವರು ಅದನ್ನೇ ಅನುಸರಿಸಿದರು.

ಆದರೆ ವಿಮಾನದ ಕಟ್ಟಳೆಯು ಬಾಗಿಲಿಗೆ ಮೊದಲಿನಿಂದಲೂ ವಿರೋಧಿ. ಏರುವಾಗ ಇಳಿಯುವಾಗ ಪ್ರಯಾಣಿಕನು ಕುಳಿತಿರಬಹುದಾದ ಯಾವುದೇ ಆಸನಕ್ಕೂ ತುರ್ತು ನಿರ್ಗಮನಕ್ಕೂ ನಡುವೆ, ಹೊರಹೋಗುವ ದಾರಿಗೆ ಅಡ್ಡಬರುವಂತೆ, ಬಾಗಿಲನ್ನು ಇರಿಸಕೂಡದೆಂದು ಅಮೆರಿಕದ ವಿಮಾನಯಾನ ನಿಯಮವು ಸ್ಪಷ್ಟವಾಗಿ ಹೇಳುತ್ತದೆ. ವಿಮಾನ ತುಂಬ ಜನರಿದ್ದು, ಅರ್ಧದಷ್ಟು ನಿರ್ಗಮನಗಳು ಮಾತ್ರ ತೆರೆದಿದ್ದರೂ, ೯೦ ಸೆಕೆಂಡುಗಳೊಳಗೆ ಎಲ್ಲರೂ ಹೊರಬರುವಂತಿರಬೇಕೆಂಬುದು ೧೯೬೭ರಿಂದ ಬಂದ ನಿಯಮ. ೧೯೮೫ರ ಆಗಸ್ಟ್ ೨೨ರಂದು ಮ್ಯಾಂಚೆಸ್ಟರಿನಲ್ಲಿ ನೆಲದ ಮೇಲೆಯೇ ಹೊತ್ತಿಕೊಂಡ ವಿಮಾನದಲ್ಲಿ ೫೫ ಜನ ಸತ್ತರು. ಮುಂದಿನ ಬಾಗಿಲ ಬಳಿಯ ಎರಡು ಅಡ್ಡಗೋಡೆಗಳ ನಡುವಣ ದಾರಿ ಎರಡಡಿಗೂ ಕಡಿಮೆಯಿದ್ದುದರಿಂದ ಜನರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ನಮ್ಮ ಬೆಂಗಳೂರಿನಲ್ಲಿಯೇ ೧೯೯೦ರ ಫೆಬ್ರವರಿ ೧೪ರಂದು ಇಳಿಯುವಾಗ ನೆಲಕ್ಕೆ ತಾಗಿ ಉರಿದ ಇಂಡಿಯನ್ ಏರ್‌ಲೈನ್ಸ್ ವಿಮಾನದ ೧೪೬ ಜನರಲ್ಲಿ ೯೨ ಜನ ಸತ್ತರು, ೫೪ ಜನ ಬದುಕಿಬಂದರು. ಇಂತಹ ಘಟನೆಗಳಲ್ಲಿ ಬದುಕಿಗೂ ಸಾವಿಗೂ ನಡುವೆ ಇರುವುದು ಕೆಲವು ಅಂಗುಲಗಳ ದಾರಿ, ಕೆಲವು ಕ್ಷಣಗಳ ಅವಧಿ.

ಹೀಗಿರಲು ಆಸನಕ್ಕೆ ಬಾಗಿಲನ್ನಿಡಬಯಸುವ ವಿನ್ಯಾಸಕಾರನು ನಿಯಮದಿಂದ ವಿನಾಯಿತಿಯನ್ನೋ ವಿಶೇಷ ಷರತ್ತುಗಳನ್ನೋ ಪಡೆಯಬೇಕಾಗುತ್ತದೆ. ಆ ಷರತ್ತುಗಳ ಸಾರವು ಇತಿಹಾಸದ ವಿದ್ಯಾರ್ಥಿಗೆ ಬಹಳ ಸ್ವಾರಸ್ಯವಾಗಿ ಕಾಣುತ್ತದೆ. ನೆಲದ ಮೇಲೆ ಚಲಿಸುವಾಗ, ಏರುವಾಗ, ಇಳಿಯುವಾಗ ಬಾಗಿಲು ತೆರೆದೇ ಇದ್ದು ಚಿಲಕದಿಂದ ಬಿಗಿಯಲ್ಪಟ್ಟಿರಬೇಕು. ಸಿಬ್ಬಂದಿಯು ಹೊರಗಿನಿಂದ ಅದನ್ನು ತೆರೆಯುವಂತಿರಬೇಕು. ಒಳಗಿನವನೇ ಯಜಮಾನನಾಗುವ ಬೀಗ ಇರಕೂಡದು. ಗೋಡೆಯ ಮೇಲಿನಿಂದ ಸಿಬ್ಬಂದಿಯು ಒಳಗಿನವನನ್ನು ನೋಡುವಂತಿರಬೇಕು. ಬಾಗಿಲು ಕಚ್ಚಿಕೊಂಡರೆ ಒಳಗಿನವನು ಅದನ್ನು ಒತ್ತಿ ಮುರಿದೋ ಹಲಗೆಯೊಂದನ್ನು ಕಳಚಿಯೋ ಹೊರಬರಲು ಎರಡನೆಯ ಉಪಾಯವಿರಬೇಕು. ನಡುದಾರಿಯ ಅಗಲವು ನೆಲದಿಂದ ೨೫ ಅಂಗುಲದವರೆಗೆ ೧೫ ಅಂಗುಲಕ್ಕೂ, ಅದರ ಮೇಲೆ ೨೦ ಅಂಗುಲಕ್ಕೂ ಕಡಿಮೆಯಾಗಬಾರದಾದುದರಿಂದ, ಕೀಲುಬಾಗಿಲಿಗೆ ಇಲ್ಲಿಯೂ ಅವಕಾಶವಿಲ್ಲ. ಮೇನೆಯ ಬಡಗಿಯು ಯಾವ ಕಾರಣಕ್ಕೆ ಸರಿಯುವ ಬಾಗಿಲನ್ನು ಆರಿಸಿದನೋ ಅದೇ ಕಾರಣಕ್ಕೆ ವಿಮಾನದ ಎಂಜಿನಿಯರನೂ ಅದನ್ನೇ ಆರಿಸಬೇಕಾಯಿತು.

ಇಲ್ಲಿಯೇ ಅವನಿಗೆ ಅತ್ಯಂತ ಕಠಿಣವಾದ ತೊಡಕು ಎದುರಾಗುತ್ತದೆ. ಬಾಗಿಲು ಜಾರುವುದು ನಡುದಾರಿಯ ಉದ್ದಕ್ಕೆ, ಎಂದರೆ ವಿಮಾನ ಚಲಿಸುವ ದಿಕ್ಕಿನಲ್ಲಿಯೇ. ವಿಮಾನವು ಏನಕ್ಕಾದರೂ ತಾಗಿ ತಟ್ಟನೆ ನಿಂತರೆ ಒಳಗಿನ ವಸ್ತುಗಳೆಲ್ಲ ಮುಂದಕ್ಕೆ ನುಗ್ಗುತ್ತವೆ. ಮುಂದಕ್ಕೆ ಸರಿದು ಮುಚ್ಚುವ ಬಾಗಿಲಾದರೆ, ಯಾರ ಕೈಯೂ ತಾಗದೆ, ಅಪಘಾತವೇ ಅದನ್ನು ಮುಚ್ಚುತ್ತದೆ. ಬೇಡವಾದ ಗಳಿಗೆಯಲ್ಲಿ ಬೇಡವಾದ ಕೆಲಸ. ಹಿಂದಕ್ಕೆ ಸರಿದು ಮುಚ್ಚುವಂತಿದ್ದರೆ ಅದೇ ಬಲವು ಬಾಗಿಲನ್ನು ತೆರೆದಿಡಲು ನೆರವಾಗುವುದು. ಆದರೆ ಆಸನದ ರಚನೆಯು ಎಲ್ಲ ಕಡೆಯೂ ಅದಕ್ಕೆ ಒಪ್ಪುವುದಿಲ್ಲ. ಆದಕಾರಣ ಚಿಲಕವನ್ನು ನಂಬಬೇಕಾಗುತ್ತದೆ. ಕ್ಯಾಬಿನ್ನಿನಲ್ಲಿನ ಭಾರದ ವಸ್ತುಗಳು ಮುಂದಕ್ಕೆ ಗುರುತ್ವದ ೯ ಪಟ್ಟು ಬಲವನ್ನು ತಡೆಯಬೇಕು. ಆಸನವನ್ನಾದರೋ ೧೬ ಪಟ್ಟು ಬಲದ ಪರೀಕ್ಷೆಗೆ ಒಡ್ಡುತ್ತಾರೆ. ಆ ಪೆಟ್ಟಿನಲ್ಲಿ ಆಸನವು ಮುರಿಯಬಾರದು, ಬಾಗಬಹುದು. ಬಾಗಿದ ಚೌಕಟ್ಟಿನಲ್ಲಿ ಜಾರುಬಾಗಿಲಿನ ಗತಿಯೇನೆಂಬುದನ್ನು ನಾವು ಮೇಲೆ ಕಂಡಿದ್ದೇವೆ. ಬಾಗಿಲು ಗಟ್ಟಿಯಾಗಿರಬೇಕು, ಕೈಯಿಂದ ಮುರಿಯುವಂತೆಯೂ ಇರಬೇಕು. ಚಿಲಕವು ಪೆಟ್ಟಿಗೆ ಬಿಡಬಾರದು, ಮುದುಕಿಯ ಬೆರಳಿಗೆ ಬಿಡಬೇಕು. ಈ ವಿರೋಧಗಳನ್ನು ಕೂಡಿಸುವುದೇ ಇಡೀ ವಿದ್ಯೆಯಾಗಿದೆ.

೨೦೨೪ರ ಜನವರಿ ೨ರಂದು, ಏರ್ ಇಂಡಿಯಾದ ಹೊಸ ವಿಮಾನ ಸಂಚಾರ ಮಾಡುವುದಕ್ಕೆ ಇಪ್ಪತ್ತೇ ದಿನ ಮುಂಚೆ, ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ-೩೫೦ ವಿಮಾನವೊಂದು ಇನ್ನೊಂದು ವಿಮಾನಕ್ಕೆ ಡಿಕ್ಕಿಹೊಡೆದು ಹೊತ್ತಿಕೊಂಡಿತು. ಅದರಲ್ಲಿದ್ದ ೩೭೯ ಜನರೂ ಹೊರಬಂದರು. ಒಳಗಿನ ಧ್ವನಿವರ್ಧಕ ಕೆಟ್ಟುಹೋಗಿತ್ತು. ಸಿಬ್ಬಂದಿಯು ಕೂಗಿ ಹೇಳಿಯೇ ಜನರನ್ನು ನಡೆಸಿತು. ಪ್ರಯಾಣಿಕರನ್ನು ಕಣ್ಣಿಗೆ ಕಾಣುವಂತಿಟ್ಟುಕೊಂಡ ಸಿಬ್ಬಂದಿಗೆ ಈ ಕಾರ್ಯ ಸಾಧ್ಯವಾಯಿತು ಎಂಬುದನ್ನು ಬಾಗಿಲಿನ ಪಕ್ಷಪಾತಿಗಳು ಮರೆಯಬಾರದು. ಪಾಯೆಸನು ಕಂಡ ಮುಚ್ಚಿದ ಪಲ್ಲಕ್ಕಿಯ ಸುತ್ತಲಿನ ನಾನೂರು ಜನರ ಸ್ಥಾನದಲ್ಲಿ ಇಂದು ನಿಂತಿರುವವರು ಹತ್ತೋ ಹನ್ನೆರಡೋ ಮಂದಿ.

ಆಕಾಶದ ಬಾಗಿಲಿಗೆ ಇಷ್ಟೆಲ್ಲ ಷರತ್ತುಗಳಿದ್ದರೆ ನೆಲದ ಬಾಗಿಲಿನ ಸ್ಥಿತಿ ಏನು? ೨೦೨೫ರಲ್ಲಿ ಕುಷ್ಟಗಿಗೆ ರೈಲು ಬಂದಿತು. ಆದರೂ ನಮ್ಮ ನಾಲ್ಕು ತಾಲ್ಲೂಕುಗಳ ಜನರು ಬೆಂಗಳೂರಿಗೆ ಹೋಗುವುದು ಹೆಚ್ಚಾಗಿ ರಾತ್ರಿಯ ಬಸ್ಸಿನಲ್ಲಿ. ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯು ಕುಷ್ಟಗಿಯ ಮೂಲಕ ಹಾದುಹೋಗುತ್ತದೆ. ಸಂಜೆಯಾದಮೇಲೆ ಅಲ್ಲಿ ನಿಂತರೆ ಮಲಗುವ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಕೆಲವಕ್ಕೆ ಪರದೆ, ಕೆಲವಕ್ಕೆ ಈಗ ಜಾರುಬಾಗಿಲು. ೨೦೨೫ರ ಅಕ್ಟೋಬರ್ ೨೪ರ ಬೆಳಗಿನ ಜಾವ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಇಂತಹ ಶಯನದ ಬಸ್ಸು ಕರ್ನೂಲಿನ ಬಳಿ ಉರಿದು, ನಿದ್ರೆಯಲ್ಲಿದ್ದ ಅನೇಕರು ಹೊರಬರಲಾಗದೆ ಸತ್ತುದು ಎಲ್ಲರಿಗೂ ತಿಳಿದದ್ದೇ.

ಅದಾದ ಕೆಲವು ದಿನಗಳಿಗೆ ನಾವು ಕುಷ್ಟಗಿಯಲ್ಲಿ ಒಂದು ಖಾಸಗಿ ಬಸ್ಸನ್ನು ಹತ್ತಿದೆವು. ಮೇಲಿನ ಹಲಗೆಗೆ ಪ್ಲೈವುಡ್ಡಿನ ಜಾರುಬಾಗಿಲಿತ್ತು. ಎಳೆದರೆ ಮುಕ್ಕಾಲು ಭಾಗ ಸರಿಯಿತು, ಆಮೇಲೆ ಕಚ್ಚಿಕೊಂಡಿತು. ಬೆರಳಿಟ್ಟು ನೋಡಿದೆವು, ಕೆಳಗಿನ ಗಾಡಿಯ ತುಂಬ ಮಣ್ಣು, ಶೇಂಗಾ ಸಿಪ್ಪೆ. ಒಳಚಿಲಕವಿತ್ತು, ಹೊರಗಿನಿಂದ ತೆರೆಯುವ ಉಪಾಯ ಕಾಣಲಿಲ್ಲ. 'ತುರ್ತು ನಿರ್ಗಮನ' ಎಂದು ಬರೆದ ಕಿಟಕಿಯು ನಾಲ್ಕು ಹಲಗೆಗಳ ಆಚೆ, ಇನ್ನೊಬ್ಬರ ಬಾಗಿಲಿನ ಒಳಗಿತ್ತು. ನಾವು ಬಾಗಿಲಿನೊಡನೆ ಗುದ್ದಾಡುತ್ತಿದ್ದುದನ್ನು ಕಂಡು ಬಸ್ಸಿನ ಹುಡುಗನು ಬಂದು, "ಸರ, ಬಾಗಲಾ ಪೂರಾ ಹಾಕಬ್ಯಾಡ್ರಿ, ಆಮ್ಯಾಲೆ ತೆಗಿಯಾಕ ಬರಂಗಿಲ್ಲ. ನಾಕು ಬೆರಳು ಬಿಡ್ರಿ" ಎಂದನು. ಚಿತ್ರದುರ್ಗ ದಾಟುವವರೆಗೂ ನಾವು ಆ ನಾಲ್ಕು ಬೆರಳಿನ ಸಂದಿಯಲ್ಲಿ ಕೈಯಿಟ್ಟುಕೊಂಡೇ ಮಲಗಿದ್ದೆವು.